ಸಕಲೇಶಪುರದ ತೋಟದ ಕಿರುಸೇತುವೆಗೆ 20 ಮಿ.ಮೀ. ಸ್ಟೀಲ್ ಪ್ಲೇಟ್ ವೆಲ್ಡ್ ಮಾಡಿಸಿದ್ದೇವೆ. ಒಳಗಿನ ಬಿರುಕು ಅಲ್ಟ್ರಾಸೋನಿಕ್ ಟೆಸ್ಟ್‌ನಲ್ಲಿ ಗೊತ್ತಾಗುತ್ತದಾ?

ಗೊತ್ತಾಗುತ್ತದೆ, ಈ ದಪ್ಪಕ್ಕೆ ಅದು ಒಳ್ಳೆಯ ಟೆಸ್ಟ್. ಲೋಹದ ಮೇಲಿಟ್ಟು ಸರಿಸುವ ಸಣ್ಣ ಸಾಧನ, ಅಂದರೆ ಪ್ರೋಬ್, ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್ ಶಬ್ದವನ್ನು ಲೋಹದೊಳಗೆ ಕಳಿಸುತ್ತದೆ. ಬಿರುಕಿಗೆ ತಾಗಿದ ಅಲೆ ವಾಪಸ್ ಬರುತ್ತದೆ. ಬರಲು ಹಿಡಿದ ಸಮಯದಿಂದ ಜಾಗ ಲೆಕ್ಕ ಹಾಕುತ್ತಾರೆ. ಪ್ರೋಬ್ ಮತ್ತು ಲೋಹದ ನಡುವೆ ಗಾಳಿ ಉಳಿದರೆ ಶಬ್ದ ಒಳಗೆ ಹೋಗುವುದಿಲ್ಲ, ಅದಕ್ಕೇ ಜೆಲ್ ಹಚ್ಚುವುದು.

ಮುಖ್ಯ ವಿಷಯ ಕೋನ. ಅಲೆ ಬಿರುಕಿಗೆ ಎದುರಾಗಿ ಬಡಿಯಬೇಕು. ಓರೆಯಾಗಿ ಸವರಿದರೆ ಪ್ರತಿಧ್ವನಿ ಬೇರೆ ಕಡೆ ಹೋಗುತ್ತದೆ, ದೊಡ್ಡ ಬಿರುಕೂ ಸ್ಕ್ರೀನ್ ಮೇಲೆ ಕಾಣದೆ ಹೋಗಬಹುದು. ಹಾಗಾಗಿ 45, 60, 70 ಡಿಗ್ರಿ ಪ್ರೋಬ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಬಳಸಿ, ವೆಲ್ಡ್‌ನ ಎರಡೂ ಬದಿಯಿಂದ ನೋಡಲು ಹೇಳಿ. ಸುಮ್ನೆ ಒಂದು ಸಲ ಉಜ್ಜಿ ‘ಓಕೆ’ ಅಂದರೆ ದಯವಿಟ್ಟು ಒಪ್ಪಬೇಡಿ, ಜನ ಓಡಾಡುವ ಸೇತುವೆ ಅಲ್ವಾ? ಮೊದಲು ಕ್ಯಾಲಿಬ್ರೇಷನ್ ಬ್ಲಾಕ್ (ಅಳತೆ ಗೊತ್ತಿರುವ ಲೋಹದ ತುಂಡು) ಮೇಲೆ ಮಷೀನ್ ಹೊಂದಿಸಿದರಾ ಅಂತಲೂ ಕೇಳಿ.

ಮೇಲ್ಮೈ ಬಿರುಕಿಗೆ ಬಣ್ಣದ ದ್ರವ ಹಚ್ಚಿ ನೋಡುವ ಡೈ ಪೆನೆಟ್ರಂಟ್ ಟೆಸ್ಟ್ ಸಾಕು, ಖರ್ಚೂ ಕಡಿಮೆ.