ನಿಮ್ಮ ಗೆಳೆಯ ಲೇಖನದೊಳಗೆ ಇನ್ನೂ ಬಂದಿಲ್ಲ

ನಮಸ್ಕಾರ.

ತೀರಿಕೊಂಡ ಗೆಳೆಯನ ಬಗ್ಗೆ ನೀವು ಬರೆದು ಕಳಿಸಿದ ‘ಮರೆಯಾದ ಮಾಣಿಕ್ಯ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ‘ಸ್ವೀಕೃತವಾಗಿಲ್ಲ’ ಎಂದು ಒಂದು ಸಾಲು ಬರೆದು ಮುಗಿಸುವಂಥದ್ದೂ ಇದಲ್ಲ, ಅದಕ್ಕೇ ಈ ಉದ್ದ ಪತ್ರ.

ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ ನಿಮ್ಮ ರೂಮ್‌ಮೇಟ್ 2024ರ ಜುಲೈಯಲ್ಲಿ ಡೆಂಗಿ ಬಂದು ತೀರಿಕೊಂಡ. ಇಷ್ಟು ತಿಳಿಯಬೇಕಾದರೆ ಓದುಗ ಮೂರನೇ ಪುಟದವರೆಗೆ ಕಾಯಬೇಕು. ಅಲ್ಲಿಯವರೆಗೆ ಇರುವುದು ವಿಧಿಯ ಕ್ರೂರ ಆಟ, ಕಾಲನ ಕರೆ, ಬಾರದ ಲೋಕ, ಅರಳುವ ಮುನ್ನವೇ ಬಾಡಿದ ಹೂವು. ಇವು ಊರಿನ ಸರ್ಕಲ್‌ನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್‌ನ ಮಾತುಗಳು. ಫ್ಲೆಕ್ಸ್‌ನಲ್ಲಿ ಅವು ತಪ್ಪಲ್ಲ. ಅಲ್ಲಿ ಫೋಟೊ ಇರುತ್ತದೆ, ನಿಂತು ನೋಡುವವರಿಗೆ ಹುಡುಗ ಯಾರ ಮಗ ಎಂಬುದೂ ಗೊತ್ತಿರುತ್ತದೆ. ನಮ್ಮ ಓದುಗರಿಗೆ ಅವನು ಯಾರೋ. ‘ಸದಾ ಹಸನ್ಮುಖಿ’, ‘ಅಜಾತಶತ್ರು’, ‘ಬಹುಮುಖ ಪ್ರತಿಭೆ’ ಎಂದಷ್ಟೂ ಅವನು ದೂರವೇ ಉಳಿಯುತ್ತಾನೆ. ಒಂದು ಕೆಲಸ ಮಾಡಿ: ಪ್ರತಿ ವಾಕ್ಯದಲ್ಲೂ ಅವನ ಹೆಸರು ತೆಗೆದು ಇನ್ನೊಬ್ಬ ಸಹಪಾಠಿಯ ಹೆಸರಿಟ್ಟು ಓದಿ. ಆಗಲೂ ಸರಿ ಎನಿಸಿದ ವಾಕ್ಯವನ್ನು ಹೊಡೆದುಹಾಕಿ. ನಾವು ಹಾಗೆ ಹೊಡೆಯುತ್ತಾ ಹೋದಾಗ 2,300 ಪದಗಳಲ್ಲಿ ಉಳಿದದ್ದು ಹೆಚ್ಚುಕಡಿಮೆ 400.

ಆ 400 ಗಟ್ಟಿಯಾಗಿವೆ. ನಾಲ್ಕನೇ ಪುಟದ ಕೊನೆಯಲ್ಲಿ, ‘ಹಾಸ್ಯಪ್ರವೃತ್ತಿ’ಗೆ ಉದಾಹರಣೆ ಎಂದು ಆವರಣದೊಳಗೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ಕೆಮಿಸ್ಟ್ರಿ ರೆಕಾರ್ಡ್‌ನಲ್ಲಿ ಬ್ಯುರೆಟ್ (ದ್ರವ ಅಳೆದು ಬಿಡುವ ಗಾಜಿನ ಕೊಳವೆ) ಚಿತ್ರ ಬರೆದುಕೊಡಲು ಅವನು ಒಂದು ಚಿತ್ರಕ್ಕೆ ಎರಡು ಬೋಂಡಾ ಕೇಳುತ್ತಿದ್ದ, ಅರ್ಧ ಬ್ಯಾಚಿನ ರೆಕಾರ್ಡ್‌ಗಳಲ್ಲಿ ಇರುವುದು ಅವನ ಕೈಯ ಚಿತ್ರವೇ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಆ ರೆಕಾರ್ಡ್‌ಗಳು ಈಗ ಯಾರ್ಯಾರ ಬಳಿ ಇವೆ? ಎರಡಾದರೂ ತರಿಸಿ, ಮುಂದಿಟ್ಟುಕೊಂಡು ನೋಡಿ. ಗೆರೆ ಸ್ಕೇಲಿನದೋ ಬರಿಗೈಯದೋ? ಬ್ಯುರೆಟ್‌ನಲ್ಲಿ ಸೊನ್ನೆ ಮೇಲಿರುತ್ತದೆ, ಅಂಕಿ ಕೆಳಗೆ ಇಳಿಯುತ್ತಾ ಏರುತ್ತದೆ. ಚಿತ್ರ ಬರೆಯುವ ಹುಡುಗರು ಅಳತೆ ಸಿಲಿಂಡರಿನಂತೆ ತಲೆಕೆಳಗು ಮಾಡುವುದು ಅಲ್ಲೇ. ಅವನು ಸರಿಯಾಗಿ ಬರೆದಿದ್ದನೇ? ಬೇರೆಯವರ ರೆಕಾರ್ಡ್ ಎಂದು ಅವಸರದಲ್ಲಿ ತಪ್ಪಿದ್ದನೇ? ಯಾವುದಿದ್ದರೂ ಬರೆಯಿರಿ. ‘ಬಹುಮುಖ ಪ್ರತಿಭೆ’ ಎಂಬ ಎರಡು ಪದ ಹೇಳದ್ದನ್ನು ಆ ಗೆರೆ ಹೇಳುತ್ತದೆ.

‘ಬಡತನದಲ್ಲಿ ಅರಳಿದ ಹುಡುಗ’ ಎಂಬುದಕ್ಕೂ ಇದೇ ಮಾತು. ಭಾನುವಾರಗಳಲ್ಲಿ ಕೇಟರಿಂಗ್‌ನವರ ಜೊತೆ ಮದುವೆಮನೆಗೆ ಬಡಿಸಲು ಹೋಗುತ್ತಿದ್ದ ಎಂದಿದ್ದೀರಿ. ದಿನಕ್ಕೆ ಎಷ್ಟು ಕೊಡುತ್ತಿದ್ದರು? ಎಷ್ಟು ಗಂಟೆಗೆ ಎದ್ದು ಹೊರಡುತ್ತಿದ್ದ? ಅವನ ಕೈಗೆ ಕೊಡುತ್ತಿದ್ದದ್ದು ಪಲ್ಯದ ಬಕೆಟ್ಟೋ ಸಾರಿನದೋ? ಕರೆದುಕೊಂಡು ಹೋಗುತ್ತಿದ್ದವರನ್ನು ಕೇಳಿದರೆ ಐದು ನಿಮಿಷದಲ್ಲಿ ಸಿಗುವ ವಿಷಯ. ಊರಿಂದ ತರುತ್ತಿದ್ದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯ ಸಾಲು ಚೆನ್ನಾಗಿದೆ, ಮುಟ್ಟಬೇಡಿ. ಅದರ ಹಿಂದೆಯೇ ಬರುವ ‘ಅದರಲ್ಲಿ ತಾಯಿಯ ಮಮತೆಯ ಸವಿಯಿತ್ತು’ ಎಂಬುದನ್ನು ತೆಗೆಯಿರಿ.

ಇನ್ನೊಂದು ಸಣ್ಣ ವಿಷಯ, ಆದರೆ ಓದುವಾಗ ಕಾಲಿಗೆ ತೊಡರುತ್ತದೆ. ಬದುಕಿರುವ ತನಕ ಅವನು ನಿಮಗೆ ‘ಅವನು’. ಸತ್ತ ಪ್ಯಾರಾದಿಂದ ‘ಅವರು’ ಆಗುತ್ತಾನೆ, ‘ಅಗಲಿದರು’, ‘ನಮ್ಮನ್ನು ಬಿಟ್ಟುಹೋದರು’. ಒಂದೇ ಚಾಪೆಯಲ್ಲಿ ಮಲಗಿದ ಗೆಳೆಯನಿಗೆ ಸಾವು ಬಹುವಚನ ಕೊಡುವುದು ಬೇಡ. ಕೊನೆವರೆಗೂ ‘ಅವನು’ ಇರಲಿ. ಕ್ರಿಯಾಪದಕ್ಕೆ ‘ತೀರಿಕೊಂಡ’ ಸಾಕು, ಅದನ್ನೂ ಒಮ್ಮೆ ಮಾತ್ರ.

‘ತಾಯಿಯ ದುಃಖ ಕೆದಕಲು ಮನಸ್ಸಾಗದೆ ಅವರನ್ನು ಮಾತಾಡಿಸಲಿಲ್ಲ’ ಎಂದು ಬರೆದಿದ್ದೀರಿ. ಅದು ಒಪ್ಪುವ ಮಾತೇ. ಆದರೆ ಮರುಪುಟದಲ್ಲೇ ‘ಹೆತ್ತ ಕರುಳಿನ ಆಕ್ರಂದನ ಮುಗಿಲು ಮುಟ್ಟಿತ್ತು’ ಎಂದು ಎರಡು ಪ್ಯಾರಾ ಇದೆ, ತಾಯಿಯ ಬಾಯಿಗೆ ನೀವೇ ಹಾಕಿದ ಮಾತುಗಳೂ ಇವೆ. ಕೇಳದೇ ಬರೆದ ಮಾತು ಉದ್ಧರಣ ಚಿಹ್ನೆಯೊಳಗೆ ಇರಬಾರದು. ಒಂದೋ ಹೋಗಿ ಕೇಳಿ, ಇಲ್ಲವೇ ಆ ಎರಡು ಪ್ಯಾರಾ ಬಿಡಿ. ಹೋಗುವುದಾದರೆ ಮೊದಲು ಅವನ ಅಣ್ಣನಿಗೆ ಫೋನ್ ಮಾಡಿ. ಹಬ್ಬದ ದಿನ, ವರ್ಷದ ತಿಥಿಯ ಆಸುಪಾಸು ಬೇಡ. ‘ಈಗ ಹೇಗನಿಸುತ್ತಿದೆ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಅಳು ಬಿಟ್ಟರೆ ಬೇರೆ ಉತ್ತರವಿಲ್ಲ. ‘ಅಮ್ಮಾ, ಹಾಸನಕ್ಕೆ ಹೊರಡುವಾಗ ಬ್ಯಾಗಿಗೆ ಏನೇನು ಹಾಕಿಕೊಡ್ತಿದ್ರಿ?’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ವಸ್ತುವಿನ ಬಗ್ಗೆ ಕೇಳಿದರೆ ಮಾತು ತಾನಾಗಿ ಬರುತ್ತದೆ. ಬರೆದಾದ ಮೇಲೆ ಪೂರ್ತಿ ಲೇಖನವನ್ನು ಮನೆಯವರಿಗೆ ಓದಿ ಹೇಳಿ. ಇದು ಬೇಡ ಎಂದದ್ದನ್ನು ವಾದ ಮಾಡದೆ ತೆಗೆಯಿರಿ. ಹೊಗಳಿಕೆ ಸೇರಿಸಿ ಎಂದರೆ ಸೇರಿಸಲೇಬೇಕೆಂದಿಲ್ಲ.

ಅವನ ಫೋನನ್ನು ತಂಗಿ ಬಳಸುತ್ತಿದ್ದಾಳೆ ಎಂಬ ಸಾಲು ನೋಡಿ ಸ್ವಲ್ಪ ಗಾಬರಿಯಾಯಿತು. ರಿಸೆಟ್ ಮಾಡಿಸಿದರೆ ಅದರಲ್ಲಿರುವ ಫೋಟೊ, ದನಿ ಎಲ್ಲ ಹೋಗುತ್ತದೆ. ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಿಲ್ಲದಿದ್ದರೆ ಅಳಿಯುತ್ತದೆ. ರೀಚಾರ್ಜ್ ಆಗದೆ ನಿಂತ ನಂಬರನ್ನು ಕಂಪನಿ ಮುಂದೆ ಇನ್ಯಾರಿಗೋ ಕೊಡುತ್ತದೆ. ನಿಮ್ಮ ಫೋನಿನಲ್ಲಿ ಅವನು ಕಳಿಸಿದ ವಾಯ್ಸ್ ಮೆಸೇಜ್‌ಗಳಿದ್ದರೆ ಇವತ್ತೇ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಮೀಡಿಯಾ ಸಹಿತ ಎಂಬುದನ್ನೇ ಆರಿಸಿ, ಇಲ್ಲವಾದರೆ ಅಕ್ಷರ ಬರುತ್ತದೆ, ದನಿ ಬರುವುದಿಲ್ಲ. ಅವನು ‘ಬಾರ್ಲಾ’ ಅನ್ನುತ್ತಿದ್ದನೋ ‘ಬಾರೋ’ ಅನ್ನುತ್ತಿದ್ದನೋ ಎಂಬುದು ಅಲ್ಲಿ ಸಿಗುತ್ತದೆ. ಈಗ ನಿಮ್ಮ ಲೇಖನದಲ್ಲಿ ಅವನು ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾನೆ.

ಇನ್ನು ಕಾಯಿಲೆಯ ಭಾಗ. ತಪ್ಪುಗಳು ಹೆಚ್ಚಿರುವುದು ಇಲ್ಲೇ.

‘ಗುರುವಾರ ಜ್ವರ ಬಿಟ್ಟಿತು, ಸೋಮವಾರ ಕಾಲೇಜಿಗೆ ಬರುತ್ತೇನೆ ಎಂದ, ಶನಿವಾರ ಇಲ್ಲವಾದ, ಇದೇ ವಿಧಿಯಾಟ’ ಎನ್ನುತ್ತೀರಿ. ಇದು ವಿಧಿಯಲ್ಲ, ಡೆಂಗಿಯ ರೀತಿಯೇ ಹಾಗೆ. ಸಾಮಾನ್ಯವಾಗಿ ಜ್ವರದ ಮೂರರಿಂದ ಏಳನೇ ದಿನದೊಳಗೆ, ಮೈ ತಣ್ಣಗಾಗುವಾಗಲೇ ಅಪಾಯದ 24ರಿಂದ 48 ಗಂಟೆ ಶುರುವಾಗುತ್ತದೆ. ಸಣ್ಣ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಶುಕ್ರವಾರ ಹೊಟ್ಟೆ ಹಿಡಿದುಕೊಂಡು ಮಲಗಿದ್ದ, ಗ್ಯಾಸ್ ಇರಬೇಕೆಂದು ಸೋಡಾ ತಂದುಕೊಟ್ಟೆವು ಎಂದು ನೀವೇ ಬರೆದಿದ್ದೀರಿ. ಆ ಸಾಲನ್ನು ಉಳಿಸಿ. ಪಕ್ಕದಲ್ಲಿ ವಿಧಿ ಬೇಡ, ಮೇಲಿನ ವಿವರ ಎರಡು ವಾಕ್ಯದಲ್ಲಿ ಬರಲಿ. ಇನ್ನೊಂದು ರೂಮಿನಲ್ಲಿ ಜ್ವರ ಬಿಟ್ಟು ಮಲಗಿರುವ ಹುಡುಗನ ಗೆಳೆಯರು ಇದನ್ನು ಓದಬಹುದು. ನಿಮ್ಮನ್ನು ನೀವು ಬೈದುಕೊಳ್ಳುವ ಪ್ಯಾರಾ ಮಾತ್ರ ಬೇಡ. ಆ ವಯಸ್ಸಿನ ನಾಲ್ವರು ಹುಡುಗರಿಗೆ ಇದು ಗೊತ್ತಿರಲಿಲ್ಲ ಎಂಬುದೇ ನಿಜ.

‘ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದದ್ದೇ ಸಾವಿಗೆ ಕಾರಣ’ ಎಂಬುದನ್ನು ತಿದ್ದಿ. ಆರೋಗ್ಯವಂತರಲ್ಲಿ ಅದು ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತದೆ, ಹಾಗಾಗಿ 18 ಸಾವಿರ ಭಯ ಹುಟ್ಟಿಸುವ ಅಂಕಿಯೇ. ಆದರೆ ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಆ ದ್ರವ ಸೋರಿಕೆಯ ಆಘಾತ. ‘ಪಪ್ಪಾಯಿ ಎಲೆ ರಸ ಕೊಟ್ಟಿದ್ದರೆ ಉಳಿಯುತ್ತಿದ್ದ’ ಎಂಬುದನ್ನು ಪೂರ್ತಿ ತೆಗೆಯಿರಿ. ಅದು ಜೀವ ಉಳಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಓದಿದ ತಾಯಿಗೆ ಮಾತ್ರ ಜನ್ಮವಿಡೀ ಕೊರಗು.

‘ಚರಂಡಿಯ ಸೊಳ್ಳೆ’, ‘ಪರದೆಯಿಲ್ಲದ ರಾತ್ರಿಗಳು’ ಎಂಬುದೂ ತಪ್ಪು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲು. ಮೊಟ್ಟೆಯಿಡುವುದು ಡ್ರಮ್ಮು, ಟಯರು, ತೆಂಗಿನ ಚಿಪ್ಪಿನಲ್ಲಿ ನಿಂತ ತಿಳಿನೀರಿನಲ್ಲಿ. ರೂಮಿನ ಮುಂದಿದ್ದ ಮುಚ್ಚಳವಿಲ್ಲದ ನೀಲಿ ಡ್ರಮ್ಮಿನ ಬಗ್ಗೆ ಬರೆದಿದ್ದೀರಲ್ಲ, ಅದು ಚರಂಡಿಗಿಂತ ಮುಖ್ಯ. ಹಾಗೆಂದು ರೂಮಿನ ಮಾಲೀಕರ ಮೇಲೆ ಹೊರಿಸಲೂ ಆಗದು. ಸೊಳ್ಳೆ ಕಚ್ಚಿ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ ಬರುತ್ತದೆ. ಜ್ವರಕ್ಕೆ ಆರು ದಿನ ಮೊದಲು ಅವನು ಊರಿನಲ್ಲಿದ್ದ ಎಂದು ನಿಮ್ಮ ಲೇಖನವೇ ಹೇಳುತ್ತದೆ. ಡ್ರಮ್ಮನ್ನು ಕಂಡಂತೆ ಬರೆಯಿರಿ, ತೀರ್ಪು ಬೇಡ. ‘ಮೊದಲ ಟೆಸ್ಟ್ ನೆಗೆಟಿವ್ ಕೊಟ್ಟ ಮೋಸದ ಲ್ಯಾಬ್’ ಎಂಬುದಕ್ಕೂ ಹಾಗೆಯೇ. ಯಾವ ಟೆಸ್ಟ್, ಜ್ವರದ ಎಷ್ಟನೇ ದಿನ ಎಂದು ರಿಪೋರ್ಟ್‌ನಲ್ಲಿ ನೋಡಿ. ರಕ್ತದಲ್ಲಿ ಎನ್‌ಎಸ್1 ಎಂಬ ವೈರಸ್ಸಿನ ಪ್ರೋಟೀನ್ ಮೊದಲ ನಾಲ್ಕೈದು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಐಜಿಎಂ ಎಂಬ ಪ್ರತಿಕಾಯ ಸುಮಾರು ಐದನೇ ದಿನದಿಂದ. ದಿನ ತಪ್ಪಿದರೆ ಮೋಸವಿಲ್ಲದೆಯೂ ನೆಗೆಟಿವ್ ಬರುತ್ತದೆ. ಲ್ಯಾಬ್, ಆಸ್ಪತ್ರೆಗಳ ಹೆಸರನ್ನು ನಾವು ಹಾಕುವುದಿಲ್ಲ. ಸೇರಿಸಲು ಒಂದು ಸಾಲು ಕೊಡುತ್ತೇವೆ: ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಅವನು ಹೋದದ್ದು ಜುಲೈಯಲ್ಲಿ.

ಈಗ ಲೆಕ್ಕ. ನಮಗೆ ಬೇಕಾದದ್ದು 900 ಪದ. ಕಾಯಿಲೆಗೆ 200 ಮೀರದಿರಲಿ, ಉಳಿದದ್ದು ಅವನಿಗೆ. ಹೆಸರು, ಹುಟ್ಟಿದ ದಿನವನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನೋಡಿ ಬರೆಯಿರಿ. ನಿಮ್ಮ ಪ್ರತಿಯಲ್ಲಿ ಒಂದು ಕಡೆ 19, ಇನ್ನೊಂದು ಕಡೆ 20 ವರ್ಷ ಆಗಿದೆ. ಆಸ್ಪತ್ರೆಯ ಹಾಸಿಗೆಯ ಫೋಟೊ ಕಳಿಸಿದ್ದೀರಿ, ಅದನ್ನು ನಾವು ಅಳಿಸಿದ್ದೇವೆ. ಅದರ ಬದಲು, ರೆಕಾರ್ಡ್ ಇಟ್ಟುಕೊಂಡವರು ಒಪ್ಪಿದರೆ, ಆ ಬ್ಯುರೆಟ್ ಇರುವ ಒಂದು ಪುಟವನ್ನು ಬೆಳಕಿನಲ್ಲಿ ನೇರವಾಗಿ ಫೋಟೊ ತೆಗೆದು ಕಳಿಸಿ. ಬೋಂಡಾ ಎಣ್ಣೆಯ ಕಲೆ ಇದ್ದರೆ ಕ್ರಾಪ್ ಮಾಡಬೇಡಿ.