ಗೋಸುಂಬೆಯನ್ನು ಬಿಟ್ಟರೆ, ಮರದ ಮೇಲೆ ಬದುಕುವ ವಿದೇಶಿ ಹಲ್ಲಿಗಳಲ್ಲಿ ವಿಶಿಷ್ಟವಾದದ್ದು ಯಾವುದು?

ಗೋಸುಂಬೆಯ ವಿಷಯ ಗೊತ್ತಿದೆ, ಮರವಾಸಿ ಹಲ್ಲಿಗಳಲ್ಲಿ ಬೇರೆ ವಿಶೇಷವಾದದ್ದನ್ನು ತಿಳಿಸಿ ಎಂದು ಕೇಳಿದ್ದೀರಿ. ಒಂದನ್ನೇ ಹೆಸರಿಸಬೇಕಾದರೆ ನಾನು ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಸಮೂಹದ ಮಂಗಬಾಲದ ಹಾವುರಾಣಿಯನ್ನು, ಅಂದರೆ ಕೊರೂಸಿಯಾ ಜೀಬ್ರಾಟಾವನ್ನು ಹೆಸರಿಸುತ್ತೇನೆ.

ಹಾವುರಾಣಿ ಎಂದೊಡನೆ ನಮಗೆ ನೆನಪಾಗುವುದು ತೋಟದ ತರಗೆಲೆಗಳ ನಡುವೆ ಸರಿದು ಮರೆಯಾಗುವ, ಹುಳುಹುಪ್ಪಟೆ ತಿನ್ನುವ ನುಣುಪು ಮೈಯ ಜೀವಿ. ಅದೇ ಕುಟುಂಬಕ್ಕೆ ಸೇರಿದ ಈ ಪ್ರಾಣಿಯಾದರೋ ಬಾಲವೂ ಸೇರಿ ಸುಮಾರು 80 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಇಂದು ಬದುಕಿರುವ ಹಾವುರಾಣಿಗಳಲ್ಲಿ ಇದೇ ಅತಿ ದೊಡ್ಡದು. ದೇಹದ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಾಲದ್ದೇ ಆಗಿದ್ದು, ಕೊಂಬೆಯನ್ನು ಸುತ್ತಿ ಹಿಡಿಯುವ ಆ ಬಾಲ ಮತ್ತು ಗಟ್ಟಿಯಾದ ಉಗುರುಗಳ ನೆರವಿನಿಂದ ಅದು ಎತ್ತರದ ಮರಗಳಲ್ಲಿ ನಿಧಾನವಾಗಿ ಓಡಾಡುತ್ತದೆ. ಹಗಲೆಲ್ಲ ಪೊಟರೆಯಲ್ಲೋ ದಟ್ಟ ಎಲೆಗಳ ಮರೆಯಲ್ಲೋ ಇದ್ದು, ಕತ್ತಲಾದ ಮೇಲೆ ಸೊಪ್ಪು, ಹೂವು, ಹಣ್ಣುಗಳನ್ನು ಮೇಯುತ್ತದೆ. ನಮ್ಮ ಮನೆಗಳಲ್ಲಿ ಬೆಳೆಸುವ ಮನಿ ಪ್ಲಾಂಟಿನ ಕುಲದ ಬಳ್ಳಿಯ ಎಲೆಗಳು, ಅನೇಕ ಪ್ರಾಣಿಗಳ ಬಾಯಿಯನ್ನು ಸುಡುವಂಥವು, ಇದಕ್ಕೆ ನಿತ್ಯದ ಆಹಾರ.

ನನ್ನನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಅದರ ಸಂಸಾರ. ತಾಯಿ ಮೊಟ್ಟೆಯಿಡುವುದಿಲ್ಲ; ಆರರಿಂದ ಎಂಟು ತಿಂಗಳು ಗರ್ಭ ಧರಿಸಿ, ತನ್ನ ಉದ್ದದ ಸುಮಾರು ಮೂರನೇ ಒಂದರಷ್ಟಿರುವ ಒಂದು ಮರಿಯನ್ನು, ಅಪರೂಪಕ್ಕೆ ಎರಡನ್ನು, ಹೆರುತ್ತದೆ. ಹೆಚ್ಚಿನ ಹಲ್ಲಿಗಳ ಮರಿಗಳು ಹುಟ್ಟಿದ ಗಳಿಗೆಯಿಂದಲೇ ಅನಾಥವಾಗಿದ್ದರೆ, ಈ ಮರಿ ತಿಂಗಳುಗಟ್ಟಲೆ ಗುಂಪಿನೊಂದಿಗೇ ಉಳಿಯುತ್ತದೆ, ಹಿರಿಯವೂ ಅದನ್ನು ಕಾಯುತ್ತವೆ. ಎಲೆ ಜೀರ್ಣಿಸಲು ಬೇಕಾದ ಸೂಕ್ಷ್ಮಜೀವಿಗಳನ್ನು ಮರಿ ಪಡೆಯುವುದು ದೊಡ್ಡವುಗಳ ಹಿಕ್ಕೆಯನ್ನು ತಿಂದು. ಕೇಳಲು ಅಸಹ್ಯವೆನಿಸಿದರೂ ಅದಿಲ್ಲದೆ ಸೊಪ್ಪಿನ ಬದುಕು ಅದಕ್ಕೆ ಸಾಧ್ಯವಿಲ್ಲ.

ಇಷ್ಟು ನಿಧಾನವಾಗಿ ಸಂತಾನ ಬೆಳೆಸುವ ಪ್ರಾಣಿಗೆ ನಷ್ಟ ತುಂಬಿಕೊಳ್ಳುವುದು ಕಷ್ಟ. ದ್ವೀಪಗಳಲ್ಲಿ ನಾಟಾಕ್ಕಾಗಿ ಕಾಡು ಕಡಿಯಲಾಗುತ್ತಿದೆ, ಸಾಕುಪ್ರಾಣಿ ವ್ಯಾಪಾರಕ್ಕಾಗಿಯೂ ಸಾವಿರಾರು ಹಾವುರಾಣಿಗಳನ್ನು ಹಿಡಿದು ಸಾಗಿಸಲಾಗಿದೆ. ಆದ್ದರಿಂದಲೇ 1992ರಿಂದ ಇದು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ನೀವು ಸಾಕುವ ಯೋಚನೆಯಿಂದ ಕೇಳಿದ್ದರೆ, ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಯನ್ನು ಇಟ್ಟುಕೊಳ್ಳುವವರು ಅದನ್ನು ನೋಂದಾಯಿಸಲೇಬೇಕೆಂದು ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ವಿಧಿಸುತ್ತದೆ ಎಂಬುದನ್ನು ಗಮನಿಸಿ. ಕಾಡಿನಿಂದ ಹಿಡಿದು ತಂದದ್ದನ್ನಂತೂ ದಯವಿಟ್ಟು ಕೊಳ್ಳಬೇಡಿ.