ಸಂಪಾದಕರ ಉತ್ತರ: ದಿನ ತುಂಬಿದ್ದು ಯಾವ ಲೆಕ್ಕಕ್ಕೆ?

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರು ತವರಿನಿಂದ ಬರೆದ ಪತ್ರದ ಸಾರ ಇಷ್ಟು. ಇದು ಅವರ ಚೊಚ್ಚಲ ಬಸಿರು, ಈಗ 36 ವಾರ. ಬಿ.ಪಿ., ಸಕ್ಕರೆ ಏನೂ ಇಲ್ಲ. ಕಳೆದ ವರ್ಷ ಅವರ ಅಕ್ಕನನ್ನು ಡ್ಯೂ ಡೇಟ್ ದಾಟಿದ ಮರುದಿನವೇ ಸೇರಿಸಿಕೊಂಡು ನೋವು ಬರಿಸಲು ಔಷಧ ಕೊಟ್ಟರು. ಒಂದೂವರೆ ದಿನ ನರಳಿದ ಮೇಲೆ ಸಿಸೇರಿಯನ್ ಆಯಿತು. ‘ನನಗೂ ಹಾಗೆಯೇ ಹೇಳಿದರೆ ಬೇಡ ಎನ್ನಬಹುದೇ? ತಾಯಿ ಕಾರ್ಡಿನಲ್ಲಿ ಜುಲೈ 8 ಎಂದಿದೆ, ಮೊನ್ನೆಯ ಸ್ಕ್ಯಾನಿಂಗ್‌ನಲ್ಲಿ ಜುಲೈ 20 ಎಂದಿದೆ. ಯಾವುದನ್ನು ನಂಬಲಿ?’ ಎಂದು ಕೇಳಿದ್ದಾರೆ.

ಸೋದರಿ, ನೀವು ಕೊನೆಗೆ ಕೇಳಿದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಜುಲೈ 8 ಎಂಬುದು ನಿಮ್ಮ ಕೊನೆಯ ಮುಟ್ಟಿನ ಮೊದಲ ದಿನವಾದ ಅಕ್ಟೋಬರ್ 1ರಿಂದ 280 ದಿನ ಎಣಿಸಿ ಬರೆದ ತಾರೀಖು. ಒಂಬತ್ತನೇ ವಾರದ ಮೊದಲ ಸ್ಕ್ಯಾನಿಂಗ್ ಜುಲೈ 10 ಎಂದಿತ್ತೆಂದೂ ಬರೆದಿದ್ದೀರಿ; ಎರಡು ದಿನದ ಈ ಅಂತರ ಲೆಕ್ಕಕ್ಕಿಲ್ಲ, ಮುಟ್ಟಿನ ಲೆಕ್ಕ ಸರಿಯಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಮೊದಲ ಮೂರು ತಿಂಗಳಲ್ಲಿ ಶಿಶುಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆಳೆಯುವುದರಿಂದ ಆಗಿನ ಅಳತೆ ತಪ್ಪಿದರೂ ವಾರದೊಳಗೆ ತಪ್ಪುತ್ತದೆ. ಏಳು ತಿಂಗಳು ಕಳೆದ ಮೇಲೆ ಒಂದು ಮಗು ಸಣ್ಣಗಿರುತ್ತದೆ, ಇನ್ನೊಂದು ದುಂಡಗಿರುತ್ತದೆ. ಯಂತ್ರ ಅಳೆಯುವುದು ಗಾತ್ರವನ್ನೇ ಹೊರತು ವಯಸ್ಸನ್ನಲ್ಲವಾದ್ದರಿಂದ ಆಗ ಬರುವ ತಾರೀಖು ಮೂರು ವಾರದವರೆಗೂ ಆಚೀಚೆ ಆಗಬಹುದು. ನಿಮ್ಮ ಜುಲೈ 20 ಅಂಥ ತಾರೀಖು. ಅದನ್ನು ನಂಬಿ, 41 ವಾರ ತುಂಬಲೆಂದು ಜುಲೈ 27ರವರೆಗೆ ಕಾದರೆ ನಿಜಕ್ಕೂ 42 ವಾರ 5 ದಿನ ಆಗಿರುತ್ತದೆ. ಜುಲೈ 8ನ್ನೇ ಹಿಡಿಯಿರಿ. ಹನ್ನೆರಡು ದಿನ ಹಿಂದೆ ಬಿದ್ದಿರುವ ಅಳತೆ ಮಗು ಬೆಳೆಯುವುದು ಕುಂಠಿತವಾಗಿದೆ ಎಂಬ ಸೂಚನೆಯೂ ಆಗಿರಬಹುದು. ಅದನ್ನು ಮುಂದಿನ ತಪಾಸಣೆಯಲ್ಲಿ ಕೇಳದೆ ಬರಬೇಡಿ.

ಡ್ಯೂ ಡೇಟ್ ಎಂದರೆ ಗಡುವು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದೇ ದಿನಕ್ಕೆ ಹೆರುವವರು ನೂರಕ್ಕೆ ನಾಲ್ಕೈದು ಜನ ಮಾತ್ರ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ 41 ವಾರಕ್ಕೆ ಮೊದಲು ನೋವು ಬರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. 41 ತುಂಬಿದ್ದು ಖಚಿತವಾದವರಿಗೆ ಶಿಫಾರಸು ಮಾಡುತ್ತದೆ. ನಿಮ್ಮ ಪಾಲಿಗೆ ಅದು ಜುಲೈ 15. ಅದರಾಚೆಗೂ ಕಾಯುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಸ್ವೀಡನ್ನಿನಲ್ಲಿ ಸುಮಾರು 2,760 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 41 ವಾರಕ್ಕೆ ನೋವು ಬರಿಸಿ, ಇನ್ನೊಂದನ್ನು 42ರವರೆಗೆ ಕಾಯಿಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾದವರಲ್ಲಿ ಆರು ಶಿಶುಗಳು ತೀರಿಕೊಂಡವು, ಮೊದಲ ಗುಂಪಿನಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಇನ್ನು ನಿಮ್ಮ ಅಕ್ಕನ ವಿಚಾರ. ‘ನೋವು ಬರಿಸಿದರೆ ಕೊನೆಗೆ ಆಪರೇಷನ್ನೇ’ ಎಂಬ ಮಾತು ಊರಲ್ಲೆಲ್ಲ ಓಡಾಡುತ್ತದೆ. ಅಮೆರಿಕದ 41 ಆಸ್ಪತ್ರೆಗಳಲ್ಲಿ, ಬೇರೆ ತೊಂದರೆಯಿಲ್ಲದ 6,106 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ತದ್ವಿರುದ್ಧವಾದುದನ್ನು ಕಂಡಿತು: 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ 18.6, ಕಾದವರಲ್ಲಿ ಶೇ 22.2. ಹಾಗೆಂದು ಈ ಅಂಕಿಯನ್ನು ಎತ್ತಿ ತಂದು ನಮ್ಮ ತುಂಬಿ ತುಳುಕುವ ಹೆರಿಗೆ ವಾರ್ಡುಗಳಿಗೆ ಅಂಟಿಸುವುದೂ ಸರಿಯಲ್ಲ, ಏಕೆಂದರೆ ಅಲ್ಲಿ ಕೆಲಸ ಮಾಡಿದ್ದು ಔಷಧದಷ್ಟೇ ತಾಳ್ಮೆ. ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎಷ್ಟು ಮೆತ್ತಗಾಗಿದೆ, ಎಷ್ಟು ತೆಳುವಾಗಿದೆ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ಬೆರಳಿನಿಂದ ಪರೀಕ್ಷಿಸಿ ವೈದ್ಯರು ಅಂಕ ಕೊಡುತ್ತಾರೆ; ಇದಕ್ಕೆ ಬಿಷಪ್ ಸ್ಕೋರ್ ಎಂದು ಹೆಸರು. ಅಂಕ 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನೇರವಾಗಿ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕದೆ, ಮೊದಲು ಜೆಲ್ಲನ್ನೋ ಮಿಸೋಪ್ರೊಸ್ಟಾಲ್ ಮಾತ್ರೆಯನ್ನೋ ಕೊಟ್ಟು, ಇಲ್ಲವೇ ನೀರು ತುಂಬಿದ ಪುಟ್ಟ ಬಲೂನಿರುವ ಫೋಲೀ ಕೊಳವೆಯನ್ನು ಒಳಗಿಟ್ಟು ಬಾಯಿಯನ್ನು ಹದಕ್ಕೆ ತರುತ್ತಾರೆ. ಬಾಯಿ ಮೂರು ಸೆಂಟಿಮೀಟರಿನಷ್ಟು ತೆರೆದಾಗ ಆ ಬಲೂನು ತಾನಾಗಿಯೇ ಜಾರಿ ಹೊರಬರುತ್ತದೆ. ಇದಕ್ಕೇ ಒಂದು ರಾತ್ರಿ ಹಿಡಿಯಬಹುದು. ಆಮೇಲೆ ನೀರು ಒಡೆದು, ಆಕ್ಸಿಟೋಸಿನ್ ಡ್ರಿಪ್ ಹಾಕಿ, ತಾಯಿ ಮಗು ಚೆನ್ನಾಗಿದ್ದರೆ ಕನಿಷ್ಠ 12ರಿಂದ 18 ಗಂಟೆ ನೋಡದೆ ‘ಫೇಲಾಯಿತು’ ಎನ್ನಬಾರದು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುವ ಅಳತೆ. ಆದುದರಿಂದ ಅಕ್ಕನ ಒಂದೂವರೆ ದಿನ ಚೊಚ್ಚಲಿಗೆ ಅತಿಯೇನಲ್ಲ. ಕೇಳಬೇಕಾಗಿದ್ದುದು ‘ಮರುದಿನವೇ ಯಾತಕ್ಕೆ’ ಎಂಬುದನ್ನು.

ಬೇಡ ಎನ್ನಬಹುದೇ ಎಂದರೆ, ಖಂಡಿತ ಎನ್ನಬಹುದು, ಸಹಿ ನಿಮ್ಮದು. ಆದರೆ ಬೇಡ ಎನ್ನುವ ಮೊದಲು ಕಾರಣ ಕೇಳಿ. ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ 37 ವಾರಕ್ಕೇ ಹೆರಿಗೆ ಮಾಡಿಸುವುದು ಸರಿಯಾದ ವೈದ್ಯಕೀಯ. ನೋವಿಲ್ಲದೆ ನೀರು ಒಡೆದರೆ, ಮಗುವಿನ ಬೆಳವಣಿಗೆ ನಿಂತರೆ ವಾರ ಎಣಿಸುತ್ತ ಕೂರುವಂತಿಲ್ಲ. ‘ನೀರು ಕಡಿಮೆ’ ಎಂದರೆ ಎಷ್ಟು ಎಂದು ಕೇಳಿ, ಏಕೆಂದರೆ ಅಂಚಿನಲ್ಲಿರುವ ಅಂಕಿಗೂ ತೀರಾ ಕಡಿಮೆಯಿರುವುದಕ್ಕೂ ವ್ಯತ್ಯಾಸವಿದೆ. ‘ದಿನ ತುಂಬಿತಲ್ಲ’ ಎಂಬುದಷ್ಟೇ ಕಾರಣವಾದರೆ, ಅಥವಾ ಮನೆಯವರು ಅಮಾವಾಸ್ಯೆ ಕಳೆಯಲಿ, ಒಳ್ಳೆಯ ನಕ್ಷತ್ರ ಬರಲಿ ಎಂದು ತಾರೀಖು ಕೊಡುತ್ತಿದ್ದರೆ, 15ರವರೆಗೆ ಕಾಯುತ್ತೇನೆ, ನಡುವೆ ಮಗುವಿನ ಎದೆಬಡಿತ ಮತ್ತು ನೀರಿನ ಪರೀಕ್ಷೆ ಮಾಡಿ ಎಂದು ಹೇಳುವುದರಲ್ಲಿ ಯಾವ ಅವಿಧೇಯತೆಯೂ ಇಲ್ಲ. ಕಾಯುವ ದಿನಗಳಲ್ಲಿ ಮಗುವಿನ ಮಿಸುಕಾಟ ಕಡಿಮೆಯಾದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಡೆದ ನೀರು ಹಸಿರಾಗಿದ್ದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.

ನೋವು ಬರಿಸುವುದೇ ಆದರೆ ಸಿಸೇರಿಯನ್ ಮಾಡುವ ವ್ಯವಸ್ಥೆ ಇರುವ ಕಡೆಯೇ ಆಗಬೇಕು. ರಾತ್ರಿ ಅರಿವಳಿಕೆ ತಜ್ಞರು ಇರುತ್ತಾರೆಯೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಈಗಲೇ ವಿಚಾರಿಸಿ, ಇಲ್ಲವಾದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯನ್ನು ಗೊತ್ತುಮಾಡಿಕೊಳ್ಳಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ ಸೇರಿದಂತೆ ಹೆರಿಗೆಗೆ ದುಡ್ಡಿಲ್ಲ. ಅಜ್ಜಿ ಹರಳೆಣ್ಣೆ ಕುಡಿಸಲು ಬಂದರೆ ನಯವಾಗಿ ತಪ್ಪಿಸಿಕೊಳ್ಳಿ. ನೋವು ಬರುತ್ತದೋ ಇಲ್ಲವೋ, ಭೇದಿಯಂತೂ ಆಗುತ್ತದೆ. ಒಂಬತ್ತನೇ ವಾರದ ಆ ಸ್ಕ್ಯಾನಿಂಗ್ ವರದಿ ಗಂಡನ ಮನೆಯ ಬೀರುವಿನಲ್ಲೇ ಉಳಿದಿದೆ ಎಂದಿದ್ದೀರಿ. ಈ ವಾರವೇ ತರಿಸಿ ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ.